ತೇವದ ರಾಗಿಯನ್ನು ಬಿಸಿಗಾಳಿಯಿಂದ ಒಣಗಿಸುವ ಕ್ರಮ

ಬೆಂಗಳೂರಿನ ಪಶ್ಚಿಮಕ್ಕೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ನೆಲವೆಲ್ಲ ಬಡಾವಣೆಗಳಾಗಿ ಬಹುಕಾಲವಾಯಿತು. ಆದರೆ ಕೆಂಗೇರಿಯನ್ನು ದಾಟಿ ತಾವರೆಕೆರೆ, ಮಾಗಡಿಗಳ ಕಡೆಗೆ ಹೋದಲ್ಲಿ, ಮಳೆಯನ್ನೇ ನಂಬಿದ ರಾಗಿಯ ಬೇಸಾಯವು ಇಂದಿಗೂ ಕಂಡುಬರುತ್ತದೆ. ಈ ಸೀಮೆಯಲ್ಲಿ ರಾಗಿಯು ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕೊಯಿಲಿಗೆ ಬರುವುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಮಳೆಯೂ ಅದೇ ಕಾಲಕ್ಕೆ ಬರುವುದುಂಟು. ೨೦೨೧ನೆಯ ಇಸವಿಯ ನವೆಂಬರ್ ತಿಂಗಳಿನ ಅಕಾಲವೃಷ್ಟಿಯಲ್ಲಿ ಅನೇಕ ಕಡೆ ಪೈರು ನೆಲಕ್ಕೊರಗಿ, ತೆನೆಯಲ್ಲಿಯೇ ಕಾಳು ಮೊಳೆತುದನ್ನು ರೈತರು ಮರೆತಿರಲಾರರು. ಅಂತಹ ವರ್ಷಗಳಲ್ಲಿ ಉಳಿದು ಬಂದ ಕಾಳನ್ನಾದರೂ ಕಣಜದಲ್ಲಿ ಕೆಡದಂತೆ ಕಾಪಾಡುವುದು ಅತ್ಯಗತ್ಯ.

ತೇವವು ಮನೆಗೆ ಬರುವ ಬಗೆ

ಹಿಂದೆ ಕೊಯ್ದ ಪೈರನ್ನು ಹೊಲದಲ್ಲಿ ಒಣಹಾಕಿ, ಮೆದೆಯೊಟ್ಟಿ, ಬಿಡುವಾದಾಗ ಕಣದಲ್ಲಿ ಹರಡಿ ರೋಣುಗಲ್ಲು ಹಾಯಿಸುತ್ತಿದ್ದರು. ಈ ವಾರಗಳ ಅವಧಿಯಲ್ಲಿ ಕಾಳು ತೆನೆಯಲ್ಲಿಯೇ ಒಣಗುತ್ತಿತ್ತು. ಹಾಗೆ ಒಣಗಿದ ರಾಗಿಯೇ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದುದು. ಈಗ ಕೊಯಿಲನ್ನೂ ಒಕ್ಕಣೆಯನ್ನೂ ಯಂತ್ರವು ಒಟ್ಟಿಗೆ ಮಾಡಿ ಮುಗಿಸುವುದರಿಂದ, ಹೊಲದಲ್ಲಿ ಹೋಗಬೇಕಾದ ತೇವವು ಚೀಲದೊಡನೆ ಮನೆಗೆ ಬರುತ್ತದೆ.

ಕಾಳು ಜೀವವುಳ್ಳ ವಸ್ತು. ತೇವ ಹೆಚ್ಚಾದಷ್ಟೂ ಅದರ ಉಸಿರಾಟವು ಹೆಚ್ಚಿ, ರಾಶಿಯು ಒಳಗೇ ಕಾವೇರುವುದು. ಆ ಕಾವಿನಲ್ಲಿ ಬೂಷ್ಟು ಹಬ್ಬಿ, ಹುಳು ಹೆಚ್ಚಿ, ಹಿಟ್ಟಿಗೆ ಮುಗ್ಗಲು ವಾಸನೆ ಬರುವುದು. ಕೆಲವು ಬೂಷ್ಟುಗಳಿಂದ ಆಗುವ ವಿಷವು ಬೇಯಿಸಿದರೂ ಪೂರ್ತಿಯಾಗಿ ಹೋಗುವುದಿಲ್ಲ. ಬಿತ್ತನೆಯ ಕಾಳಾದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುವುದು. ಆದುದರಿಂದ ಕೂಡಿಡುವ ರಾಗಿಯಲ್ಲಿ ತೇವವು ಶೇಕಡ ೧೨ನ್ನು ಮೀರಕೂಡದು. ಸರ್ಕಾರವು ಬೆಂಬಲ ಬೆಲೆಗೆ ಕೊಳ್ಳುವ ರಾಗಿಗೂ ಇದೇ ಮಿತಿಯಿದೆ.

ಪರೀಕ್ಷೆ

ಒಣಗಿದ ಗಾಜಿನ ಸೀಸೆಯಲ್ಲಿ ಮೂರರಲ್ಲೊಂದು ಪಾಲು ಕಾಳನ್ನೂ, ಹುರಿದು ಆರಿಸಿದ ಪುಡಿಯುಪ್ಪನ್ನು ನಾಲ್ಕೈದು ಚಮಚದಷ್ಟನ್ನೂ ಹಾಕಿ, ಮುಚ್ಚಳ ಬಿಗಿದು, ಒಂದು ನಿಮಿಷ ಅಲುಗಾಡಿಸಿ ಕಾಲು ಗಂಟೆ ಬಿಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡರೆ ತೇವವು ಶೇಕಡ ೧೫ಕ್ಕೆ ಮೇಲ್ಪಟ್ಟಿದೆಯೆಂದು ತಿಳಿಯತಕ್ಕದ್ದು. ಅಂಟದಿದ್ದರೆ ಅಪಾಯವು ಕಡಿಮೆಯೆಂದಷ್ಟೇ ಅರ್ಥ. ೧೨ಕ್ಕೆ ಇಳಿದಿದೆಯೇ ಎಂಬುದನ್ನು ತೇವ ಅಳೆಯುವ ಯಂತ್ರದಿಂದಲೇ ನಿಶ್ಚಯಿಸಬೇಕು. ಈಗಾಗಲೇ ತುಂಬಿಟ್ಟ ಕಣಜದ ನಡುವೆ ಕಬ್ಬಿಣದ ಸಲಾಕೆಯನ್ನು ಚುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ತೆಗೆದು ಮುಟ್ಟಿ ನೋಡಿದಾಗ ಬೆಚ್ಚಗಿದ್ದರೆ, ಅಂದೇ ಕಣಜವನ್ನು ಬರಿದುಮಾಡತಕ್ಕದ್ದು.

ಬಿಸಿಲು ಚೆನ್ನಾಗಿದ್ದರೆ ಕಾಳನ್ನು ತೆಳುವಾಗಿ ಹರಡುವುದೇ ಸುಲಭವಾದ ಉಪಾಯ. ಮೋಡ ಕವಿದ ದಿನಗಳಲ್ಲಿ ಮಾತ್ರ ಬೆಂಕಿಯ ಸಹಾಯ ಬೇಕಾಗುತ್ತದೆ.

ಕಾವು ಮಾಡುವ ಕೆಲಸ

ಮಳೆಗಾಲದ ಗಾಳಿಯು ತಾನೇ ನೀರನ್ನು ತುಂಬಿಕೊಂಡಿರುವುದರಿಂದ ಕಾಳಿನ ನೀರನ್ನು ಹೀರಲಾರದು. ಅದನ್ನು ಕಾಯಿಸಿದರೆ ಹೀರುವ ಶಕ್ತಿ ಹೆಚ್ಚುವುದು. ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಶೇಕಡ ೯೦ರಷ್ಟು ಆರ್ದ್ರತೆಯುಳ್ಳ ಗಾಳಿಯನ್ನು ೨೫ ಡಿಗ್ರಿಗೆ ಏರಿಸಿದರೆ ಆರ್ದ್ರತೆಯು ಸುಮಾರು ೬೬ಕ್ಕೂ, ೩೦ ಡಿಗ್ರಿಗೆ ಏರಿಸಿದರೆ ಸುಮಾರು ೫೦ಕ್ಕೂ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆಯ ತೆನೆಗಳನ್ನು ತೂಗುಹಾಕುತ್ತಿದ್ದ ಹಿರಿಯರು ಈ ತತ್ತ್ವವನ್ನೇ ಉಪಯೋಗಿಸುತ್ತಿದ್ದರು. ಸ್ವಲ್ಪ ಕಾವೇ ಬಹಳ ಕೆಲಸ ಮಾಡುತ್ತದೆ. ಆದರೆ ಆ ಗಾಳಿಯು ಕಾಳಿನ ನಡುವೆ ಹರಿದು ಹೊರಗೆ ಹೋಗಲೇಬೇಕು. ಮುಚ್ಚಿದ ಕಣಜಕ್ಕೆ ಬರಿಯ ಕಾವು ಕೊಟ್ಟರೆ, ಕೆಳಗಿನ ತೇವವು ಆವಿಯಾಗಿ ಮೇಲೇರಿ, ತಣ್ಣಗಿರುವ ಮುಚ್ಚಳದಡಿಯಲ್ಲಿ ಮತ್ತೆ ನೀರಾಗಿ ಮೇಲ್ಪದರವನ್ನು ಕೆಡಿಸುವುದು.

ಏರ್ಪಾಟು

ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ತಂತಿ ಜಾಲರಿಯ ತಳವನ್ನು ಕೂರಿಸಿ, ಕಾಳು ಸೋರದಂತೆ ಗೋಣಿಬಟ್ಟೆ ಹಾಸಬೇಕು. ತಳದ ಕೆಳಗಿನ ಪೆಟ್ಟಿಗೆಗೆ ವಿದ್ಯುತ್ ಫ್ಯಾನಿನಿಂದ ಬಿಸಿಗಾಳಿ ನುಗ್ಗಬೇಕು. ರಾಗಿಯ ಕಾಳು ಸಣ್ಣದಾದ ಕಾರಣ ಒತ್ತಾಗಿ ಕೂತು ಗಾಳಿಯನ್ನು ತಡೆಯುವುದು. ಆದಕಾರಣ ಪದರದ ದಪ್ಪವು ಒಂದು ಅಡಿಯನ್ನು ಮೀರಕೂಡದು. ಒಣಗುವಿಕೆಯು ಕೆಳಗಿನಿಂದ ಮೇಲಕ್ಕೆ ಸಾಗುವುದರಿಂದ ಆಗಾಗ್ಗೆ ಕಾಳನ್ನು ಕೆಳಮೇಲು ತಿರುವಬೇಕು.

ಹೊಗೆಯು ಕಾಳಿಗೆ ತಾಗಕೂಡದು. ಒಲೆಯ ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಬಿಟ್ಟು, ಆ ಕೊಳವೆಯ ಸುತ್ತ ಕಾದ ಶುದ್ಧವಾದ ಗಾಳಿಯನ್ನೇ ಒಳಕ್ಕೆ ಕೊಡತಕ್ಕದ್ದು. ಬಿತ್ತನೆಯ ಕಾಳಿಗೆ ಗಾಳಿಯ ಉಷ್ಣತೆಯು ೪೦ ಡಿಗ್ರಿಯನ್ನು ದಾಟಬಾರದು. ಪೆಟ್ಟಿಗೆಯಲ್ಲಿ ಉಷ್ಣಮಾಪಕವನ್ನು ಇಟ್ಟಿರಬೇಕು.

ಖರ್ಚನ್ನು ಹೀಗೆ ಲೆಕ್ಕ ಹಾಕಬಹುದು. ಶೇಕಡ ೧೮ರ ತೇವವಿರುವ ಒಂದು ಕ್ವಿಂಟಲ್ ರಾಗಿಯನ್ನು ೧೨ಕ್ಕೆ ಇಳಿಸಲು ಸುಮಾರು ೭ ಕಿಲೋ ನೀರನ್ನು ಹೋಗಲಾಡಿಸಬೇಕು. ಬೆಂಕಿಯ ಕಾವಿನಲ್ಲಿ ಮೂರರಲ್ಲೊಂದು ಪಾಲು ಮಾತ್ರ ಉಪಯೋಗಕ್ಕೆ ಬಂದರೂ ಮೂರು ನಾಲ್ಕು ಕಿಲೋ ಒಣಸೌದೆ ಸಾಕಾಗುವುದು. ಒಂದು ಕ್ವಿಂಟಲ್ ಕಾಳಿನ ಬೆಲೆಯ ಮುಂದೆ ಇದು ಅಲ್ಪವೇ ಸರಿ. ನಾಲ್ಕಾರು ಮನೆಯವರು ಸೇರಿ ಒಂದೇ ಏರ್ಪಾಟನ್ನು ಮಾಡಿಕೊಂಡರೆ ಇನ್ನೂ ಅನುಕೂಲ.

ಎಚ್ಚರಿಕೆಗಳು

೧. ಕಣಜದೊಳಗೆ ಕೆಂಡದ ಬಾಂಡಲಿಯನ್ನು ಎಂದಿಗೂ ಇಡಕೂಡದು. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿಯು ಪ್ರಾಣಹಾನಿ ಮಾಡುವುದು.

೨. ಮೊದಲು ಫ್ಯಾನು, ಬಳಿಕ ಬೆಂಕಿ. ನಿಲ್ಲಿಸುವಾಗ ಮೊದಲು ಬೆಂಕಿ ತೆಗೆದು, ಕಾಳು ತಣ್ಣಗಾಗುವವರೆಗೂ ಗಾಳಿಯನ್ನು ಹಾಯಿಸಬೇಕು. ಬಿಸಿಯಾದ ಕಾಳನ್ನು ತುಂಬಿದರೆ ಕಣಜದೊಳಗೆ ನೀರು ಬೆವರುವುದು.

೩. ಹುಲ್ಲು, ಗೋಣಿಗಳನ್ನು ಒಲೆಯಿಂದ ದೂರವಿಡತಕ್ಕದ್ದು.

೪. ಹಗೇವನ್ನು ತೆರೆದೊಡನೆ ಇಳಿಯಕೂಡದು. ಕಾಳಿನ ಉಸಿರಿನಿಂದ ಒಳಗೆ ಕೆಟ್ಟ ಗಾಳಿ ತುಂಬಿರುವುದು. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಡಬೇಕು. ಇಳಿಬಿಟ್ಟ ದೀಪವು ಆರಿದರೆ ಯಾರೂ ಇಳಿಯಬಾರದು. ಇಳಿದವನು ಎಚ್ಚರ ತಪ್ಪಿದರೆ ಅವನ ಹಿಂದೆಯೇ ಮತ್ತೊಬ್ಬನು ಧುಮುಕಬಾರದು.

ತುಂಬಿದ ಹದಿನೈದು ದಿನಗಳ ಮೇಲೆ ಸಲಾಕೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡತಕ್ಕದ್ದು. ಸಲಾಕೆ ತಣ್ಣಗೆ ಬಂದು, ಕಾಳು ಹಲ್ಲಿಗೆ ಗಟ್ಟಿಯಾಗಿ ಸಿಕ್ಕಿ ಮುರಿದರೆ, ವರ್ಷದ ಅನ್ನವೂ ಮುಂದಿನ ಬಿತ್ತನೆಯೂ ಮನೆಯಲ್ಲಿ ಭದ್ರವಾಗಿವೆಯೆಂದು ನಂಬಬಹುದು.