ಬಿಸಿಲನ್ನು ಮರೆಯದ ಚೌಕ

ಪಲ್ಸ್ ಪೋಲಿಯೊ ಭಾನುವಾರ. ಐಸ್ ಪ್ಯಾಕುಗಳ ನಡುವೆ ಕಿರುಬೆರಳಿನಷ್ಟು ಬಾಟಲಿ. ಮಗುವಿನ ಬಾಯಿಗೆ ಎರಡು ಹನಿ ಬೀಳುವ ಮುನ್ನ ಆಶಾ ಕಾರ್ಯಕರ್ತೆ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರೆ. ಏನು ನೋಡುತ್ತಾರೆ ಅಂತ ಎಷ್ಟೋ ವರ್ಷ ನಾನು ಕೇಳಲೇ ಇಲ್ಲ. ಎಂಥ ದಡ್ಡತನ!

ಲೇಬಲ್ಲಿನ ಮೇಲೊಂದು ನೇರಳೆ ವೃತ್ತ, ಅದರ ನಡುವೆ ತಿಳಿ ಬಣ್ಣದ ಚೌಕ. ಅಷ್ಟೇ. ಆದರೆ ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ತಿಂದ ಬಿಸಿಯನ್ನೆಲ್ಲ ಆ ಚೌಕ ಲೆಕ್ಕ ಇಟ್ಟಿರುತ್ತದೆ! ಲಾರಿ ಬಿಸಿಲಲ್ಲಿ ನಿಂತ ಮಧ್ಯಾಹ್ನ, ಕರೆಂಟ್ ಹೋದ ರಾತ್ರಿ, ಮುಚ್ಚಳ ಸರಿಯಾಗಿ ಕೂರದ ಡಬ್ಬ, ಎಲ್ಲವೂ ಅಲ್ಲಿ ಜಮೆ. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ನೆಟ್‌ವರ್ಕ್ ಬೇಡವೇ ಬೇಡ. ಚೌಕದಲ್ಲಿರುವುದು ಡೈಅಸಿಟಿಲೀನ್ ಜಾತಿಯ, ಮೊದಲಿಗೆ ಬಣ್ಣವೇ ಇಲ್ಲದ ರಾಸಾಯನಿಕ. ಬಿಸಿ ತಾಗಿದಂತೆಲ್ಲ ಅದರ ಅಣುಗಳು ಕೈಕೈ ಹಿಡಿದು ಸರಪಣಿಯಾಗುತ್ತವೆ, ಬಣ್ಣ ಏರುತ್ತದೆ. ಮತ್ತೆ ಫ್ರಿಜ್ಜಿಗಿಟ್ಟರೂ ಏರಿದ ಬಣ್ಣ ಇಳಿಯದು. ಚೌಕ ವೃತ್ತದ ಬಣ್ಣಕ್ಕೆ ಬಂತೋ, ಬಾಟಲಿ ಕಸಕ್ಕೆ.

ಒಡೆದ ಹಾಲು ಕಾಸುವಾಗಲೇ ಸಿಕ್ಕಿಬೀಳುತ್ತದೆ, ಹಳಸಿದ ಸಾರನ್ನು ಮೂಗೇ ಹಿಡಿಯುತ್ತದೆ. ಲಸಿಕೆ ಹಾಗಲ್ಲ, ಬಿಸಿಗೆ ಶಕ್ತಿ ಕಳೆದುಕೊಂಡ ಹನಿಯೂ ಒಳ್ಳೆಯ ಹನಿಯೂ ನೋಡಲು ಒಂದೇ. ಬ್ಯಾಚ್ ನಂಬರ್ ಹಿಡಿದು ಹೊರಟರೆ ಯಾವ ಕಾರ್ಖಾನೆ, ಯಾವಾಗ ತಯಾರಾದದ್ದು ಎಂದು ಪತ್ತೆಯಾಗುತ್ತದೆ. ಆದರೆ ಒಂದೇ ಬ್ಯಾಚಿನ ಒಂದು ಬಾಟಲಿ ಮಡಿಕೇರಿಗೂ ಇನ್ನೊಂದು ಮೇ ತಿಂಗಳ ರಾಯಚೂರಿಗೂ ಹೋದರೆ? ನಂಬರ್ ಒಂದೇ, ಹಣೆಬರಹ ಬೇರೆ. ಅದನ್ನು ಚೌಕವೇ ಹೇಳಬೇಕು.

ಇದರ ಹೆಸರು ವಿವಿಎಂ, ವ್ಯಾಕ್ಸಿನ್ ವಯಲ್ ಮಾನಿಟರ್. 1996ರಲ್ಲಿ ಮೊದಲು ಅಂಟಿದ್ದು ಪೋಲಿಯೊ ಹನಿಯ ಬಾಟಲಿಗೇ. ಇನ್ನೂ ಬೆರಗಿನ ಮಾತೆಂದರೆ, ಒಂದೊಂದು ಲಸಿಕೆಯ ತಾಳಿಕೆಗೆ ತಕ್ಕಂತೆ ಚೌಕವೂ ಬೇರೆ. 37 ಡಿಗ್ರಿಯಲ್ಲಿ ಪೋಲಿಯೊ ಹನಿಯ ಚೌಕ 2 ದಿನಕ್ಕೇ ಕೈಚೆಲ್ಲುತ್ತದೆ. ಹೆಪಟೈಟಿಸ್-ಬಿಯದು 30 ದಿನ ತಡೆಯುತ್ತದೆ. ನೀರು ಬೆರೆಸುವ ಪುಡಿ ಲಸಿಕೆಗಳಲ್ಲಿ ಅದನ್ನು ಮುಚ್ಚಳದ ಮೇಲೆ ಅಂಟಿಸುತ್ತಾರೆ. ಮುಚ್ಚಳ ತೆಗೆದರೆ ಸಾಕ್ಷಿಯೂ ಹೋಯಿತು. ಅಲ್ಲಿಂದ ಮುಂದೆ ಲಸಿಕೆಗೆ ಕೆಲವೇ ಗಂಟೆ ಆಯುಸ್ಸು. ಎಷ್ಟು ಜಾಣ ಲೆಕ್ಕ!

ಒಂದು ಕುಂದಿದೆ, ಮುಚ್ಚಿಡಬಾರದು: ಚಳಿ ಇದಕ್ಕೆ ತಿಳಿಯದು. ಹೆಪ್ಪುಗಟ್ಟಿ ಕೆಟ್ಟ ಹೆಪಟೈಟಿಸ್-ಬಿ ಲಸಿಕೆಯ ಚೌಕ ಏನೂ ಆಗದವರಂತೆ ತಿಳಿಯಾಗಿಯೇ ಕೂತಿರುತ್ತದೆ. ಅನುಮಾನ ಬಂದರೆ ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಕರಗಿಸಿ, ಎರಡನ್ನೂ ಒಟ್ಟಿಗೆ ಕುಲುಕಿ, ಯಾವುದರ ಗಷ್ಟು ಬೇಗ ತಳ ಸೇರುತ್ತದೆಂದು ಕಾದು ನೋಡುತ್ತಾರೆ.

ಮುಂದಿನ ಸಲ ಮಗುವನ್ನು ಎತ್ತಿಕೊಂಡು ಹೋದಾಗ, "ಅಕ್ಕಾ, ಆ ಚೌಕ ತೋರಿಸ್ತೀರಾ?" ಅಂತ ಕೇಳಿ. ಖುಷಿಯಿಂದ ತೋರಿಸುತ್ತಾರೆ.