ಆಯಸ್ಸಿಗಿಂತ ಉದ್ದದ ಸರತಿ

2019ರ ಜನವರಿ 28. ಒಟ್ಟಾವದಲ್ಲಿ ಮಧ್ಯಾಹ್ನ 12 ಗಂಟೆ, ಸೇಲಂನಲ್ಲಿ ರಾತ್ರಿ ಹತ್ತೂವರೆ. ಹೆತ್ತವರನ್ನು ಕಾಯಮ್ಮಾಗಿ ಕರೆಸಿಕೊಳ್ಳಬೇಕೆನ್ನುವ ಮಕ್ಕಳಿಗಾಗಿ ಕೆನಡಾ ಸರ್ಕಾರ ಆನ್‌ಲೈನ್ ಫಾರಂ ತೆರೆಯಿತು. ಲಕ್ಷಕ್ಕೂ ಹೆಚ್ಚು ಮಂದಿ ಒಂದೇ ಸಲಕ್ಕೆ ನುಗ್ಗಿದರು. ಇದ್ದದ್ದು 27,000 ಜಾಗ. ಹನ್ನೊಂದು ನಿಮಿಷದಲ್ಲಿ ಎಲ್ಲ ಖಾಲಿ. ಸೆಕೆಂಡಿಗೆ 40 ಅರ್ಜಿಯ ಲೆಕ್ಕ! ಟೈಪಿಂಗ್ ಚುರುಕಾಗಿದ್ದವರ, ಇಂಟರ್ನೆಟ್ ಚೆನ್ನಾಗಿದ್ದವರ ಅಪ್ಪ ಅಮ್ಮಂದಿರಿಗೆ ದಾರಿ ಸಿಕ್ಕಿತು. ಮಿಕ್ಕವರು ಮರುವರ್ಷಕ್ಕೆ ಕಾದರು. 2020ರಲ್ಲಿ ಲಾಟರಿ ಪದ್ಧತಿ ಮತ್ತೆ ಬಂತು, ಮೂರು ವಾರದಲ್ಲಿ 2 ಲಕ್ಷಕ್ಕೂ ಮೇಲೆ ಹೆಸರು ಬಿದ್ದವು. 2025ರಲ್ಲೂ ಅದೇ ಐದು ವರ್ಷ ಹಳೆಯ ಪಟ್ಟಿಯಿಂದಲೇ ಹೆಸರು ಎತ್ತಿದರು.

ಸೇಲಂನ ದೇವಾಂಗ ನೇಕಾರರ ಕೇರಿಗಳಲ್ಲಿ, ಧರ್ಮಪುರಿ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ತಲೆತಲಾಂತರದಿಂದ ಒಳಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು. ಮಗ್ಗದ ಸದ್ದಿನಲ್ಲೇ ಬೆಳೆದ ಮಕ್ಕಳು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬರುತ್ತಾರೆ. ಕೆಲವರು ಅಲ್ಲಿಂದ ಡಲ್ಲಾಸಿಗೋ ಮೆಲ್ಬರ್ನಿಗೋ ಹೋಗಿ ನೆಲೆಯೂರುತ್ತಾರೆ. ಊರಲ್ಲಿ ಉಳಿಯುವವರು ವಯಸ್ಸಾದವರು. 2021ರ ಅಂದಾಜಿನಂತೆ ತಮಿಳುನಾಡಿನ ಜನರಲ್ಲಿ 60 ದಾಟಿದವರು ನೂರಕ್ಕೆ 13.6, 2031ಕ್ಕೆ 18.2 ಆಗುತ್ತಾರೆ. ದೇಶದಲ್ಲಿ ಇದನ್ನು ಮೀರಿಸಿದ ದೊಡ್ಡ ರಾಜ್ಯ ಕೇರಳ ಒಂದೇ.

ಭಾರತದಲ್ಲಿ 60 ತುಂಬಿದವರಿಗೆ ಮುಂದಿರುವ ಆಯಸ್ಸು ಸರಾಸರಿ 18 ವರ್ಷ. ಈ 18ನ್ನು ನೆನಪಿನಲ್ಲಿಟ್ಟುಕೊಂಡು ಆಸ್ಟ್ರೇಲಿಯಾದ ಲೆಕ್ಕ ನೋಡಬೇಕು. ಅಲ್ಲಿ ಹೆತ್ತವರ ಸಾಮಾನ್ಯ ವೀಸಾಕ್ಕೆ ಇವತ್ತು ಅರ್ಜಿ ಹಾಕಿದರೆ ಕಾಯಬೇಕಾದದ್ದು 30 ವರ್ಷಕ್ಕೂ ಮೇಲೆ ಎಂದು ಸರ್ಕಾರವೇ ಹೇಳುತ್ತದೆ. 62ರ ಅಪ್ಪನಿಗೆ ಕರೆ ಬರುವಾಗ 92 ದಾಟಿರುತ್ತದೆ. ಬೇಗ ಆಗಬೇಕೆಂದರೆ ದುಡ್ಡು ಕಟ್ಟುವ ಇನ್ನೊಂದು ವೀಸಾ ಇದೆ. ಅದರ ಎರಡನೆಯ ಕಂತೊಂದೇ ತಲೆಗೆ 43,600 ಆಸ್ಟ್ರೇಲಿಯನ್ ಡಾಲರ್. ಗಂಡ ಹೆಂಡತಿ ಇಬ್ಬರಿಗೆ ಹೆಚ್ಚುಕಡಿಮೆ 50 ಲಕ್ಷ ರೂಪಾಯಿ. ನಾಲ್ಕನೆಯ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನವರ ದುಡಿಮೆ ತಿಂಗಳಿಗೆ 5,000 ರೂಪಾಯಿಯೊಳಗೆ. ಒಂದು ಕಾಸೂ ಖರ್ಚು ಮಾಡದೆ ಕೂಡಿಟ್ಟರೂ 50 ಲಕ್ಷಕ್ಕೆ 83 ವರ್ಷ ಬೇಕು. ಹಣ ಕಟ್ಟುವುದು ಮಗನೇ ಇರಬಹುದು. ಆದರೂ ಅಷ್ಟು ಕಟ್ಟಿದ ಮೇಲೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಯಬೇಕು. ಮಕ್ಕಳಲ್ಲಿ ಕಡೇಪಕ್ಷ ಅರ್ಧದಷ್ಟು ಮಂದಿ ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವ ಒಂದೇ ದೇಶದಲ್ಲಿ ಇರುವುದಕ್ಕಿಂತ ಹೆಚ್ಚು ಮಕ್ಕಳು ಅಲ್ಲಿರಬೇಕು ಎನ್ನುವುದು ಬೇರೆ. ಮೂವರಲ್ಲಿ ಇಬ್ಬರು ಸೇಲಂನಲ್ಲಿದ್ದರೆ ಮೆಲ್ಬರ್ನಿನ ಮಗಳು ಎಷ್ಟು ಕಟ್ಟಿದರೂ ಪ್ರಯೋಜನವಿಲ್ಲ.

ಅಮೆರಿಕದ ಲೆಕ್ಕ ಇನ್ನೂ ವಿಚಿತ್ರ. ಅಲ್ಲಿ ಹೆತ್ತವರ ವೀಸಾಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿಯೇ ಇಲ್ಲ. ಕರೆಸುವವರು 21 ತುಂಬಿದ ಅಮೆರಿಕನ್ ಪ್ರಜೆಯಾಗಿರಬೇಕು, ಅಷ್ಟೇ. ಪ್ರಜೆಯಾಗಲು ಮೊದಲು ಗ್ರೀನ್ ಕಾರ್ಡ್ ಸಿಗಬೇಕು, ಅದು ಸಿಕ್ಕಿ ಸಾಮಾನ್ಯವಾಗಿ ಐದು ವರ್ಷ ಕಳೆಯಬೇಕು. ತೊಡಕಿರುವುದು ಗ್ರೀನ್ ಕಾರ್ಡಿನಲ್ಲಿ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ 1,40,000 ಕಾರ್ಡು. ಯಾವ ದೇಶಕ್ಕೂ ಅದರ ಶೇಕಡಾ 7ಕ್ಕಿಂತ ಹೆಚ್ಚಿಲ್ಲ, ಅಂದರೆ 9,800. ಬೇರೆಯವರು ಬಳಸದೆ ಬಿಟ್ಟದ್ದು ಸಿಕ್ಕರೆ ಒಂದಿಷ್ಟು ಹೆಚ್ಚು. 140 ಕೋಟಿಯ ಭಾರತಕ್ಕೂ 4 ಲಕ್ಷದಷ್ಟು ಜನರ ಐಸ್‌ಲ್ಯಾಂಡಿಗೂ ಒಂದೇ ಅಳತೆ. 2011ರ ಜನಗಣತಿಯಲ್ಲಿ ಸೇಲಂ ಜಿಲ್ಲೆಯ ಜನಸಂಖ್ಯೆ 34,82,056, ಧರ್ಮಪುರಿಯದು 15,06,843. ಈ ಎರಡು ಜಿಲ್ಲೆಗಳಲ್ಲೇ ಹನ್ನೆರಡು ಐಸ್‌ಲ್ಯಾಂಡ್ ಹಿಡಿಸುತ್ತವೆ!

ಗ್ರೀನ್ ಕಾರ್ಡಿನ ಈ ಸರತಿಯ ಕೊನೆಗೆ ಹೊಸದಾಗಿ ಬಂದು ನಿಂತ ಭಾರತೀಯನ ಪಾಳಿ ಬರಲು 134 ವರ್ಷ ಬೇಕೆಂದು 2023ರಲ್ಲಿ ಅಮೆರಿಕದ ಕೇಟೋ ಸಂಸ್ಥೆ ಲೆಕ್ಕ ಹಾಕಿತು. 2023ರಿಂದ 134 ವರ್ಷ ಹಿಂದೆ ಹೋದರೆ 1889. ಮೆಟ್ಟೂರು ಅಣೆಕಟ್ಟಿನ ಕೆಲಸ ಶುರುವಾಗಲು ಇನ್ನೂ 36 ವರ್ಷವಿತ್ತು. ಸ್ಟ್ಯಾನ್ಲಿ ಜಲಾಶಯದಲ್ಲಿ 93 ಟಿಎಂಸಿಗೂ ಹೆಚ್ಚು ಕಾವೇರಿ ನೀರು ಹಿಡಿಯುವ ಆ ಅಣೆಯನ್ನು ಕಟ್ಟಿ ಮುಗಿಸಲು ಒಂಬತ್ತು ವರ್ಷ ಸಾಕಾಯಿತು. ಒಬ್ಬ ಮಗ ತನ್ನ ತಾಯಿಯನ್ನು ಕರೆಸಿಕೊಳ್ಳುವ ಹಕ್ಕಿಗಾಗಿ ಅದರ ಹದಿನೈದರಷ್ಟು ಕಾಲ ಕಾಯಬೇಕೆನ್ನುವುದು ನನಗೆ ಯಾವ ರೀತಿಯಲ್ಲೂ ನ್ಯಾಯವಾಗಿ ಕಾಣುವುದಿಲ್ಲ.

ದಶಕಗಳ ಹಿಂದೆಯೇ ಹೋಗಿ ಪ್ರಜೆಯಾದವರ ಕೆಲಸವಾದರೂ ಸುಲಭವೇ? ಅರ್ಜಿಗೆ ಮಗನ ಜನನ ಪ್ರಮಾಣಪತ್ರ ಬೇಕು, ಅದರಲ್ಲಿ ತಾಯಿಯ ಹೆಸರಿರಬೇಕು. ಮನೆಯಲ್ಲಿ ಆಕೆ ಗೌರಮ್ಮ. ತಮಿಳಿನಲ್ಲಿ ಬರೆದ ಗುಮಾಸ್ತರ ಕೈಯಲ್ಲಿ ಪಡಿತರ ಚೀಟಿಗೆ ಗೌರಮ್ಮಾಳ್ ಆಗಿರುತ್ತಾಳೆ. ಪಾಸ್‌ಪೋರ್ಟಿನಲ್ಲಿ ಮುಂದೊಂದು ಇನಿಷಿಯಲ್ ಸೇರಿಕೊಂಡಿರುತ್ತದೆ. ಎಷ್ಟೋ ವೇಳೆ ಮಗನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ, ಏಕೆಂದರೆ ಜನನ ಬರೆಸಿದ ದಿನ ನಾಮಕರಣವಾಗಿರಲಿಲ್ಲ. ಮೂರು ಹೆಸರೂ ಒಬ್ಬಳದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕು, ತಮಿಳಿನ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ: ಮೊದಲ ಹೆಸರು ಗೊತ್ತಿಲ್ಲ ಎಂದು. ಎಪ್ಪತ್ತು ವರ್ಷ ಆ ಹೆಸರಿನಲ್ಲೇ ಬದುಕಿದವರಿಗೆ ಅದನ್ನು ಓದಿ ಹೇಳುವುದು ಹೇಗೆ?

ಕೊನೆಗೂ ಹೋಗಿ ಸೇರಿದವರಿಗೆ ವೈದ್ಯಕೀಯ ಖರ್ಚಿನ ಲೆಕ್ಕ ಎದುರಾಗುತ್ತದೆ. ಅಮೆರಿಕದಲ್ಲಿ ದುಡಿದು ತೆರಿಗೆ ಕಟ್ಟಿರದ ಇಂಥ ಹಿರಿಯರು ಗ್ರೀನ್ ಕಾರ್ಡ್ ಹಿಡಿದು ಐದು ವರ್ಷ ಸತತವಾಗಿ ಅಲ್ಲೇ ಇದ್ದ ಮೇಲಷ್ಟೇ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕೊಳ್ಳಬಹುದು. 2025ರ ದರದಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185, ದಂಪತಿಗೆ 1,406. ನಮ್ಮ ದುಡ್ಡಿನಲ್ಲಿ ತಿಂಗಳಿಗೆ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. 70ಕ್ಕೆ ಹೋದವರಿಗೆ ಅದನ್ನು ಕೊಳ್ಳುವ ಅವಕಾಶವಾದರೂ ಸಿಗುವುದು 75ಕ್ಕೆ. ಆದ್ದರಿಂದಲೇ ಬಹಳ ಮಂದಿ ಪ್ರವಾಸಿ ವೀಸಾದಲ್ಲಿ, ಸಾಮಾನ್ಯವಾಗಿ ಆರು ತಿಂಗಳ ಅವಧಿಗೆ, ಹೋಗಿಬರುವುದನ್ನೇ ನೆಚ್ಚಿಕೊಂಡಿದ್ದಾರೆ: ಮಾತ್ರೆಗಳ ಡಬ್ಬಿ, ಟ್ರಾವೆಲ್ ಇನ್ಶೂರೆನ್ಸಿನ ಕಾಗದ ಹಿಡಿದು, ಸೇಲಂನಿಂದ 200 ಕಿಲೋಮೀಟರ್ ಕಾರಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ವಿಮಾನದಲ್ಲಿ.