ಕೊಟ್ಟ ನೂರು ರೂಪಾಯಿ ಎಲ್ಲಿಗೆ ಹೋಯಿತು?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಇದಾದ ಕೆಲವೇ ದಿನಗಳಲ್ಲಿ ಕೇರಳ ಸರ್ಕಾರ ಒಂದು ನಿರ್ಧಾರ ತೆಗೆದುಕೊಂಡಿತು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಹಣ ಹಾಕಲು ತಾನೇ ಕೊಟ್ಟಿದ್ದ ಕ್ಯೂಆರ್ ಕೋಡನ್ನು ಅದು ವಾಪಸ್ ತೆಗೆದುಕೊಂಡಿತು. ಅದು ದುರುಪಯೋಗ ಆಗಬಹುದು, ಯುಪಿಐ ಐಡಿ ಹಾಕಿ ಹಣ ಕಳಿಸಿ ಎಂದು ಹೇಳಿತು.

ಯಾಕೆಂದರೆ ಕ್ಯೂಆರ್ ಚೌಕವನ್ನು ನೋಡಿದರೆ ಅದು ಯಾರ ಖಾತೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಪೋಸ್ಟರ್ ಅಸಲಿ, ಫೋಟೊ ಅಸಲಿ, ಒಳಗಿನ ಚೌಕ ಮಾತ್ರ ಬೇರೆಯವರದ್ದು. ಅದನ್ನು ನಂಬಿಕೆಯವರೇ ನಮ್ಮ ಕ್ಲಾಸ್ ಗ್ರೂಪಿಗೆ ಫಾರ್ವರ್ಡ್ ಮಾಡಿರುತ್ತಾರೆ. ಕಳಿಸಿದ ಗೆಳೆಯ ಒಳ್ಳೆಯವನು ಅಂದ ಮಾತ್ರಕ್ಕೆ ಕೋಡ್ ಒಳ್ಳೆಯದು ಅಂತಲ್ಲ. ಸ್ಕ್ಯಾನ್ ಮಾಡಿದ ಮೇಲೆ, ಪಿನ್ ಒತ್ತುವ ಮೊದಲು, ಪರದೆಯ ಮೇಲೆ ಹಣ ಪಡೆಯುವವರ ಹೆಸರು ಬರುತ್ತದೆ. ಅಲ್ಲಿ ನಿಧಿಯ ಅಥವಾ ಸಂಸ್ಥೆಯ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರಿದ್ದರೆ ಅಲ್ಲಿಗೇ ನಿಲ್ಲಿಸಿ. ಸರ್ಕಾರದ ನಿಧಿಗೆ ಕೊಡುವುದಾದರೆ ಫಾರ್ವರ್ಡ್ ಆಗಿ ಬಂದ ಲಿಂಕ್ ಬೇಡ. ನೀವೇ ಸರ್ಕಾರದ ವೆಬ್‌ಸೈಟ್ ತೆರೆದು ಖಾತೆಯ ವಿವರ ನೋಡಿ. ಅದರ ವಿಳಾಸ ಗವ್ ಡಾಟ್ ಇನ್ ಎಂದು ಮುಗಿಯುತ್ತದೆ. ಹಣ ಹೋದ ಮೇಲೆ ಅನುಮಾನ ಬಂದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆ ದೂರಿನ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. ನಮ್ಮ ಮೊಹಲ್ಲಾಗಳಲ್ಲಿ ಈ ಮಾತು ಬಹಳ ಕೇಳುತ್ತೇವೆ: "ಅಲ್ಲಾಹನ ದಾರಿಯಲ್ಲಿ ಕೊಟ್ಟಾಯಿತು, ಇನ್ನು ಲೆಕ್ಕ ಕೇಳುವುದೇನು? ನಮ್ಮ ನಿಯ್ಯತ್ ಸರಿಯಿದ್ದರೆ ಸಾಕು." ಜುಮಾ ನಮಾಝ್ ಮುಗಿದು ಮಸೀದಿ ಬಾಗಿಲಲ್ಲಿ ಇಬ್ಬರು ಚಾದರ ಹಿಡಿದು ನಿಂತಾಗ ನೋಟು ಹಾಕಿ ಮುಂದೆ ಹೋಗುತ್ತೇವೆ. ಕೊಟ್ಟವರ ಪುಣ್ಯಕ್ಕೆ ಅಷ್ಟೇ ಸಾಕಿರಬಹುದು. ಆದರೆ ಮನೆ ಕಳೆದುಕೊಂಡವರಿಗೆ ನಮ್ಮ ನಿಯ್ಯತ್ ಒಂದೇ ತಲುಪಿದರೆ ಸಾಲದು, ಹಣವೂ ತಲುಪಬೇಕು. ಕುರ್‌ಆನಿನ ಅತಿ ಉದ್ದದ ಆಯತ್ ಯಾವುದರ ಬಗ್ಗೆ ಎಂದು ಗೊತ್ತೇ? ಸೂರಾ ಬಖರಾದ 282ನೇ ಆಯತ್ ಅದು. ಸಾಲ ಕೊಟ್ಟು ತೆಗೆದುಕೊಳ್ಳುವಾಗ ಅದನ್ನು ಬರೆದಿಡುವುದು, ಸಾಕ್ಷಿ ಇಡುವುದು ಹೇಗೆ ಎಂಬುದೇ ಅದರ ವಿಷಯ. ಬರೆದಿಡುವುದು ಎದುರಿನವರ ಮೇಲಿನ ಅನುಮಾನವಲ್ಲ. ಪ್ರಾಮಾಣಿಕವಾಗಿ ಹಣ ಎತ್ತುವವರಿಗೆ ರಸೀದಿಯೇ ರಕ್ಷಣೆ. ಒಂದು ಊರಲ್ಲಿ ಒಬ್ಬ ಮೋಸ ಮಾಡಿದರೆ ಮುಂದಿನ ಸಲ ನಿಜವಾದವರಿಗೂ ಜನ ಕೈ ಬಿಗಿ ಹಿಡಿಯುತ್ತಾರೆ.

ಇನ್ನು ಏನು ಕೊಡಬೇಕು ಎಂಬ ಪ್ರಶ್ನೆ. ದುರಂತ ಎಂದ ಕೂಡಲೇ ನಮಗೆ ನೆನಪಾಗುವುದು ಬೀರುವಿನಲ್ಲಿರುವ ಹಳೆ ಬಟ್ಟೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣಂ ಕಡೆಗೆ ದೇಶದ ಎಲ್ಲ ಕಡೆಯಿಂದ ಬಟ್ಟೆ ಹರಿದು ಬಂತು. ಬಹಳಷ್ಟು ಬಟ್ಟೆ ಅಲ್ಲಿಯವರು ಉಡುವಂಥದ್ದೇ ಆಗಿರಲಿಲ್ಲ. ರಸ್ತೆ ಪಕ್ಕದಲ್ಲಿ ರಾಶಿ ರಾಶಿ ಬಿದ್ದು ಹಾಳಾಯಿತು. ಹೀಗೆ ಬಿದ್ದಿದ್ದ ಬಟ್ಟೆಯನ್ನು ವಿಂಗಡಿಸಿ ಉಪಯೋಗಕ್ಕೆ ತರುವ ಕೆಲಸಕ್ಕೆ ಗೂಂಜ್ ಎಂಬ ಸಂಸ್ಥೆ ಇಳಿಯಿತು. ಅದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೇಡದ ಬಟ್ಟೆಯಿಂದ ಹೆಣ್ಣುಮಕ್ಕಳ ಮುಟ್ಟಿನ ಪ್ಯಾಡ್ ಮಾಡುವುದು ಆ ಸಂಸ್ಥೆಯ ದೊಡ್ಡ ಕೆಲಸಗಳಲ್ಲೊಂದು. ಅಂದರೆ ಬಟ್ಟೆ ಕೊಡುವುದೇ ತಪ್ಪಲ್ಲ. ವಿಂಗಡಿಸಿ, ತೊಳೆದು, ಬೇಕಾದ ಕಡೆಗೆ ಕಳಿಸುವ ವ್ಯವಸ್ಥೆ ಇರುವವರಿಗೆ, ವರ್ಷವಿಡೀ ಕೊಡಬಹುದು. ದುರಂತದ ಮೂರನೇ ದಿನ ಲಾರಿಯಲ್ಲಿ ತುಂಬಿ ಕಳಿಸುವುದೇ ತೊಂದರೆ. (ಹರಿದ ಬಟ್ಟೆ ಕೊಡುವವರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಬರೆದರೆ ಸಂಪಾದಕರು ತೆಗೆದುಹಾಕುತ್ತಾರೆ.)

ವಯನಾಡಿನದ್ದೇ ಉದಾಹರಣೆ ನೋಡಿ. ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿತ್ತು. ಅದರಾಚೆ ಇದ್ದ ಮುಂಡಕ್ಕೈಗೆ ವಾಹನ ಹೋಗುವಂತಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಕೇಂದ್ರ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹೋಗಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು. ಆಗಸ್ಟ್ 1ರ ಸಂಜೆ ಅದು ಮುಗಿಯಿತು. ಮೇಜರ್ ಸೀತಾ ಶೆಲ್ಕೆ ಆ ತಂಡದಲ್ಲಿ ಮುಂದೆ ನಿಂತು ಕೆಲಸ ಮಾಡಿಸಿದರು. ಸೇತುವೆ ಆಗುವವರೆಗೆ, ಆದ ಮೇಲೂ, ಆ ದಾರಿಯಲ್ಲಿ ಮೊದಲು ಹೋಗಬೇಕಾದದ್ದು ಜೆಸಿಬಿ ಮತ್ತು ಆಂಬುಲೆನ್ಸ್. ಅಲ್ಲಿ ನಮ್ಮ ಬಟ್ಟೆಯ ಟೆಂಪೊ ಹೋಗಿ ನಿಂತರೆ ಅದೂ ಒಂದು ಅಡ್ಡಿಯೇ.

ಕಾಮರ್ಸ್ ವಿದ್ಯಾರ್ಥಿಯಾಗಿ ಇದನ್ನು ಲೆಕ್ಕದಲ್ಲಿ ನೋಡೋಣ. ನಾವು 40,000 ರೂಪಾಯಿ ಬೆಲೆಯ ಅಕ್ಕಿ, ಬಿಸ್ಕತ್ತು, ಚಾದರ ಕೂಡಿಸಿದೆವು, ಅದನ್ನು ಕಳಿಸಲು ಲಾರಿ ಬಾಡಿಗೆ 20,000 ಆಯಿತು ಎಂದಿಟ್ಟುಕೊಳ್ಳಿ. 60,000 ಖರ್ಚಾಯಿತು, ತಲುಪಿದ್ದು 40,000ದ ಸಾಮಾನು. ಅದರಲ್ಲೂ ಅಲ್ಲಿ ಈಗಾಗಲೇ ಇದ್ದದ್ದೆಷ್ಟೋ. ಅದೇ 60,000ವನ್ನು ಹಣವಾಗಿ ಕಳಿಸಿದ್ದರೆ ಪಕ್ಕದ ಊರಿನ ಅಂಗಡಿಯಲ್ಲೇ ಬೇಕಾದದ್ದನ್ನು, ಬೇಕಾದ ದಿನ ಕೊಳ್ಳಬಹುದಿತ್ತು. ಆ ಅಂಗಡಿಯವನಿಗೂ ಮಳೆಯಿಂದ ವ್ಯಾಪಾರ ನಿಂತಿರುತ್ತದೆ. ದುರಂತ ನಮ್ಮದೇ ತಾಲ್ಲೂಕಿನಲ್ಲಿ ಆದರೆ ಮಾತು ಬೇರೆ. ಮೊದಲ ಎರಡು ದಿನ ಬಿಸಿ ಅನ್ನ, ಕುಡಿಯುವ ನೀರು ಹತ್ತಿರದವರೇ ಕೊಡಬೇಕು, ಹಣ ಹಾಕಿ ಮನೆಯಲ್ಲಿ ಕೂರುವುದಲ್ಲ.

ಪರಿಹಾರ ಕೆಲಸಕ್ಕೂ ಅಳತೆ ಇದೆ. ಸ್ಫಿಯರ್ ಎಂಬ ಅಂತಾರಾಷ್ಟ್ರೀಯ ಕೈಪಿಡಿ ಶಿಬಿರದಲ್ಲಿರುವ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 3.5 ಚದರ ಮೀಟರ್ ಸೂರಿನ ಜಾಗ, 20 ಜನಕ್ಕೆ ಒಂದು ಶೌಚಾಲಯ ಬೇಕು ಎನ್ನುತ್ತದೆ. "ನಾವು ಪರಿಹಾರ ಕೆಲಸ ಮಾಡುತ್ತಿದ್ದೇವೆ" ಎನ್ನುವ ಸಂಸ್ಥೆ ಇಂಥ ಲೆಕ್ಕದಲ್ಲಿ ಮಾತಾಡುತ್ತದೆಯೋ, ಕಿಟ್ ಹಂಚುವ ಫೋಟೊ ಮಾತ್ರ ತೋರಿಸುತ್ತದೆಯೋ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಸಂಸ್ಥೆಯನ್ನು ಪರೀಕ್ಷಿಸುವುದು ಕಷ್ಟದ ಕೆಲಸವಲ್ಲ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಅದರ ಹೆಸರಿದೆಯೇ, ಆದಾಯ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಇದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ಆದರೆ ನೋಂದಣಿ ಎಂದರೆ ಬಾಗಿಲು ಇದೆ ಎಂದಷ್ಟೇ. ಒಳಗೆ ಏನಿದೆ ಎಂದು ತಿಳಿಯಲು ಆಡಿಟ್ ಆದ ಲೆಕ್ಕ ಓದಬೇಕು. ಅದರಲ್ಲಿ ಒಂದು ವಿಷಯ ನನಗೆ ಬಹಳ ಇಷ್ಟ. ಯಾರಾದರೂ ಇಂಥದ್ದೇ ಕೆಲಸಕ್ಕೆ ಎಂದು ಹೇಳಿ ಕೊಟ್ಟ ಹಣ, ಉದಾಹರಣೆಗೆ "ವಯನಾಡಿನ ಮನೆಗಳಿಗೆ" ಎಂದು ಕೊಟ್ಟದ್ದು, ಸಂಸ್ಥೆಯ ಆದಾಯವಲ್ಲ. ಅದನ್ನು ಬ್ಯಾಲೆನ್ಸ್ ಶೀಟಿನ ಹೊಣೆಗಳ ಕಡೆ, ಪ್ರತ್ಯೇಕ ನಿಧಿ ಎಂದು ತೋರಿಸಬೇಕು. ಆ ಕೆಲಸಕ್ಕೆ ಖರ್ಚಾದಂತೆ ಅದರಿಂದ ಕಳೆಯುತ್ತಾ ಹೋಗಬೇಕು. ಲೆಕ್ಕಶಾಸ್ತ್ರದ ಪ್ರಕಾರ ಆ ಹಣ ಅವರ ಮೇಲಿರುವ ಸಾಲದ ಹಾಗೆ. ನಾವು ಮನೆಯಲ್ಲಿ ಅಮಾನತ್ ಎನ್ನುವುದು ಇದನ್ನೇ. ಹೆಸರು ಹೇಳಿ ಎತ್ತಿದ ಹಣ ಲೆಕ್ಕದಲ್ಲಿ ಸಾಮಾನ್ಯ ದೇಣಿಗೆಯ ಜೊತೆ ಕರಗಿಹೋಗಿದ್ದರೆ, ಖರ್ಚು ಎಲ್ಲಿ ಎಂದು ಕೇಳಲು ನಮಗೆ ಹಕ್ಕಿದೆ.

ಆಡಳಿತ ವೆಚ್ಚ ಎಷ್ಟು ಎಂದು ಮಾತ್ರ ನೋಡಿ ತೀರ್ಮಾನ ಮಾಡುವವರೂ ಇದ್ದಾರೆ. "ಒಂದು ರೂಪಾಯಿಯೂ ಆಫೀಸಿಗೆ ಖರ್ಚಿಲ್ಲ" ಎಂಬ ಜಾಹೀರಾತು ಕೇಳಲು ಚೆಂದ. ಆದರೆ ಲೆಕ್ಕ ಬರೆಯುವವರಿಗೆ ಸಂಬಳ, ಆಡಿಟರ್‌ಗೆ ಶುಲ್ಕ, ಗೋದಾಮಿಗೆ ಬಾಡಿಗೆ ಎಲ್ಲಿಂದ? ಈ ಖರ್ಚು ಸ್ವಲ್ಪವೂ ಇಲ್ಲ ಎಂದರೆ ಬೇರೆ ಯಾರೋ ಕೊಡುತ್ತಿದ್ದಾರೆ, ಇಲ್ಲವೇ ಲೆಕ್ಕ ಬರೆಯುತ್ತಿಲ್ಲ. ಎರಡರಲ್ಲಿ ಯಾವುದು ಎಂದು ಕೇಳಿ.

ನಮ್ಮ ಓದುಗರಲ್ಲಿ ಅನೇಕರ ಮನೆಗೆ ಬೇಕಾಗುವ ವಿಷಯ ಝಕಾತ್. ಸೂರಾ ತೌಬಾದ 60ನೇ ಆಯತ್ ಝಕಾತ್ ಪಡೆಯಬಹುದಾದ ಎಂಟು ವರ್ಗಗಳನ್ನು ಹೇಳುತ್ತದೆ. ಹನಫಿ ಆಲಿಮರ ಪ್ರಕಾರ ಝಕಾತಿನ ಹಣ ಅರ್ಹ ವ್ಯಕ್ತಿಯ ಕೈಗೆ, ಅವನದ್ದೇ ಆಗಿ ಸೇರಬೇಕು. ರಸ್ತೆ, ಸೇತುವೆ, ಶಿಬಿರದ ಶೆಡ್ಡಿಗೆ ಅದನ್ನು ಹಾಕಿದರೆ ಝಕಾತ್ ಸಲ್ಲುವುದಿಲ್ಲ. ಆದ್ದರಿಂದ ಸಂಸ್ಥೆಗೆ ಕೊಡುವಾಗಲೇ "ಇದು ಝಕಾತ್" ಎಂದು ಹೇಳಿ ರಸೀದಿಯಲ್ಲಿ ಬರೆಸಬೇಕು. ಅವರು ಅದನ್ನು ಬೇರೆ ಖಾತೆಯಲ್ಲಿ ಇಡುತ್ತಾರೆಯೇ ಎಂದು ಕೇಳಬೇಕು. ಎಲ್ಲರ ಹಣ ಒಟ್ಟಿಗೆ ಸೇರುವ ಸರ್ಕಾರಿ ನಿಧಿಗೆ ಸದಖಾ ಕೊಡುವುದೇ ಸರಳ. ಸದಖಾಕ್ಕೆ ಈ ಕಟ್ಟುಪಾಡು ಇಲ್ಲ, ಅದನ್ನು ಯಾವ ಧರ್ಮದವರ ಕಷ್ಟಕ್ಕಾದರೂ ಕೊಡಬಹುದು. ನಿಮ್ಮ ಮನೆಯ ಪರಿಸ್ಥಿತಿಗೆ ಯಾವುದು ಸರಿ ಎಂದು ನಂಬಿಕೆಯ ಆಲಿಮರನ್ನು ಕೇಳಿ. ನಾನು ಹೇಳುತ್ತಿರುವುದು ರಸೀದಿಯ ವಿಷಯ ಮಾತ್ರ.

ತೆರಿಗೆ ಬಗ್ಗೆ ಸ್ವಲ್ಪ. 80ಜಿ ಎಂದರೆ ಕೊಟ್ಟ ಹಣವೆಲ್ಲ ವಾಪಸ್ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಶೇ. 50 ವಿನಾಯಿತಿ ಇರುವ ಸಂಸ್ಥೆಗೆ 10,000 ಕೊಟ್ಟರೆ ಆದಾಯದಲ್ಲಿ 5,000 ಕಳೆಯುತ್ತಾರೆ. ಶೇ. 20ರ ತೆರಿಗೆ ಕಟ್ಟುವವರಿಗೆ ಉಳಿಯುವುದು ಸುಮಾರು 1,000. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಮುಖ್ಯಮಂತ್ರಿ ಪರಿಹಾರ ನಿಧಿಗಳಿಗೆ ಶೇ. 100. ಎರಡು ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ, ಅಥವಾ ಸಾಮಾನು ಕೊಟ್ಟರೆ, ಈ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಉಪನ್ಯಾಸಕರಿಗೆ ಇದು ಗೊತ್ತೇ ಇರುತ್ತದೆ, ನಾವು ಮನೆಯಲ್ಲಿ ಅಬ್ಬಾಗೆ ಹೇಳಬಹುದು.

ಯಾವಾಗ ಕೊಡಬೇಕು ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಟಿವಿಯಲ್ಲಿ ಸುದ್ದಿ ಇರುವ ಮೊದಲ ವಾರ ಎಲ್ಲರೂ ಕೊಡುತ್ತಾರೆ. ವಯನಾಡಿನ ಸಂತ್ರಸ್ತರಿಗೆ ನೂರು ಮನೆ ಕಟ್ಟಿಸಿಕೊಡುವುದಾಗಿ ಕರ್ನಾಟಕ ಸರ್ಕಾರ 2024ರ ಆಗಸ್ಟ್ ಮೊದಲ ವಾರದಲ್ಲೇ ಘೋಷಿಸಿತು. ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 2025ರ ಮಾರ್ಚ್ 27ರಂದು. ಅಡಿಗಲ್ಲಿಗೇ ಎಂಟು ತಿಂಗಳು. ಆ ಎಂಟು ತಿಂಗಳು ಬಾಡಿಗೆ, ಮಕ್ಕಳ ಫೀಸು, ಕಳೆದುಹೋದ ದಾಖಲೆಗಳಿಗೆ ಓಡಾಟ ಎಲ್ಲವೂ ಇರುತ್ತದೆ, ಕ್ಯಾಮೆರಾ ಇರುವುದಿಲ್ಲ. ನಿಮ್ಮ ಬಳಿ 100 ರೂಪಾಯಿ ಇದ್ದರೆ 50 ಈಗ ಕೊಡಿ, 50 ಆರು ತಿಂಗಳ ನಂತರ ಕೊಡಿ. ಬೇಕಾದರೆ ಮೊಬೈಲಿನಲ್ಲಿ ರಿಮೈಂಡರ್ ಹಾಕಿಕೊಳ್ಳಿ.

ಕೊನೆಗೆ ನಮ್ಮ ಕಾಲೇಜಿನ ಮಾತು. ಮುಂದಿನ ಮಳೆಗಾಲದಲ್ಲಿ ಎಲ್ಲೋ ಪ್ರವಾಹ ಬರುತ್ತದೆ, ಯಾರೋ ಡಬ್ಬಿ ಹಿಡಿದು ಕ್ಲಾಸಿಗೆ ಬರುತ್ತಾರೆ. ವಿದ್ಯಾರ್ಥಿ ಸಂಘಕ್ಕೆ ನನ್ನ ಸಲಹೆ ಇಷ್ಟು: ಡಬ್ಬಿಗೆ ಬೀಗ ಹಾಕಿ, ಕೀಲಿ ಸಿಬ್ಬಂದಿಯೊಬ್ಬರ ಬಳಿ ಇರಲಿ. ಎಣಿಸುವಾಗ ಬೇರೆ ಬೇರೆ ಕ್ಲಾಸಿನ ಇಬ್ಬರು ಕೂರಲಿ, ಒಬ್ಬ ಹುಡುಗಿ ಇರಲಿ. ಎಷ್ಟು ಬಂತು, ಯಾವ ದಿನ, ಯಾವ ಖಾತೆಗೆ ಕಳಿಸಿದೆವು ಎಂಬುದನ್ನು ರಸೀದಿಯ ಪ್ರತಿ ಸಮೇತ ನೋಟಿಸ್ ಬೋರ್ಡಿಗೆ ಹಚ್ಚಿ. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಮಾತ್ರ ಬೇಡ. ಹತ್ತು ರೂಪಾಯಿ ಕೊಟ್ಟವರು, ಏನೂ ಕೊಡಲಾಗದವರು ನಮ್ಮಲ್ಲೇ ಇದ್ದಾರೆ, ಅವರು ಅದನ್ನು ಓದುತ್ತಾ ನಿಲ್ಲಬಾರದು. ಎಲ್ಲ ಕಳಿಸಿದ ಮೇಲೆ ತಡವಾಗಿ ಬಂದ ಹಣ ಉಳಿದರೆ ಅದನ್ನು ಕಾಲೇಜು ಫಂಕ್ಷನ್ನಿಗೆ ಸೇರಿಸದೆ, ಅದೇ ಊರಿನ ಹೆಸರಲ್ಲಿ ಬೇರೆ ಸಾಲು ಬರೆದು, ಎರಡನೇ ಕಂತಾಗಿ ಕಳಿಸಬೇಕು.